ಎದುರಾಳಿಯ ತಪ್ಪೂ ನಮ್ಮ ಗೆಲುವೂ

ಮನೆಯೊಳಗೆ ಕುಳಿತು ಆಡುವ ಆಟಗಳಲ್ಲಿ ಎರಡು ಬಗೆಯುಂಟು. ಪಗಡೆಯಂತೆ ದಾಳದ ಅನುಗ್ರಹವನ್ನು ಬೇಡುವ ಆಟಗಳು ಒಂದು ಬಗೆ. ಚದುರಂಗದಂತೆ ಯಾರ ಅನುಗ್ರಹವನ್ನೂ ಬೇಡದ ಆಟ ಇನ್ನೊಂದು ಬಗೆ. (ದಾಳವನ್ನು ಹಾಕಿ ನಾಲ್ವರು ಆಡುತ್ತಿದ್ದ ಚದುರಂಗವೂ ಒಂದು ಕಾಲಕ್ಕೆ ನಮ್ಮ ದೇಶದಲ್ಲಿ ಇದ್ದಿತು, ಅದನ್ನು ಇಲ್ಲಿ ಬಿಡೋಣ.) ಪಗಡೆಯಲ್ಲಿ ಸೋತವನಿಗೆ ಒಂದು ಸಮಾಧಾನವಿರುತ್ತದೆ: ಗರ ಬೀಳಲಿಲ್ಲ ಎನ್ನಬಹುದು. ಧರ್ಮರಾಯನಿಗಾದರೂ ದೂರುವುದಕ್ಕೆ ಒಬ್ಬ ಶಕುನಿಯಿದ್ದನು. ಚದುರಂಗದಲ್ಲಿ ಸೋತವನಿಗೆ ದಾಳವೂ ಇಲ್ಲ, ಶಕುನಿಯೂ ಇಲ್ಲ. ಎರಡು ಕಡೆಯ ಸೇನೆಯೂ ಸಮ, ಎಲ್ಲ ಕಾಯಿಗಳೂ ಇಬ್ಬರ ಕಣ್ಣೆದುರಿಗೆ, ಮುಚ್ಚಿಟ್ಟದ್ದು ಏನೂ ಇಲ್ಲ. ಆದಕಾರಣ ಚದುರಂಗದ ಗೆಲುವೆಂಬುದು ಗೆದ್ದವನ ಬುದ್ಧಿಯ ಸ್ವಾರ್ಜಿತವೆಂದು ಲೋಕವು ನಂಬಿಕೊಂಡು ಬಂದಿದೆ. ಈ ನಂಬಿಕೆಯನ್ನು ಒಮ್ಮೆ ತಟ್ಟಿ ನೋಡುವುದು ಈ ಲೇಖನದ ಉದ್ದೇಶ.

ಹಾಗೆ ತಟ್ಟಿ ನೋಡುವ ಸಂದರ್ಭವನ್ನು 2024ನೆಯ ಇಸವಿ ಡಿಸೆಂಬರ್ 12ನೆಯ ತಾರೀಖು ನಮಗೆ ಒದಗಿಸಿತು. ಅಂದು ಸಿಂಗಪುರದಲ್ಲಿ ಜಗಜ್ಜೇತೃತ್ವದ ಪಂದ್ಯದ ಹದಿನಾಲ್ಕನೆಯದೂ ಕಡೆಯದೂ ಆದ ಆಟ ನಡೆಯುತ್ತಿದ್ದಿತು. ಒಂದು ಕಡೆ 2023ರಲ್ಲಿ ಪಟ್ಟವನ್ನು ಗಳಿಸಿದ್ದ ಚೀನದ ಡಿಂಗ್ ಲಿರೆನ್. ಇನ್ನೊಂದು ಕಡೆ ಚೆನ್ನೈಯ ಹದಿನೆಂಟು ವರ್ಷದ ತರುಣ ದೊಮ್ಮರಾಜು ಗುಕೇಶ್. ಹದಿಮೂರು ಆಟಗಳು ಮುಗಿದಾಗ ಇಬ್ಬರಿಗೂ ಆರೂವರೆ ಅಂಕಗಳು. ಕೊನೆಯ ಆಟವೂ ಸಮವಾಗುವ ಹಾಗೆಯೇ ಕಾಣುತ್ತಿದ್ದಿತು. ಇಬ್ಬರ ಬಳಿಯೂ ರಾಜನಲ್ಲದೆ ಒಂದೊಂದು ಆನೆ, ಒಂದೊಂದು ಒಂಟೆ; ಗುಕೇಶನಿಗೆ ಎರಡು ಕಾಲಾಳುಗಳು, ಡಿಂಗನಿಗೆ ಒಂದು. ಬಲ್ಲವರೆಲ್ಲರೂ ಇದು ಸಮವೆಂದರು. ಮರುದಿನ ವೇಗದ ಆಟಗಳಿಂದ ತೀರ್ಮಾನವಾಗುವುದೆಂದು ಕಾದಿದ್ದರು. ಆಗ ಐವತ್ತೈದನೆಯ ನಡೆಯಲ್ಲಿ ಡಿಂಗನು ತನ್ನ ಆನೆಯನ್ನು ಎದುರಾಳಿಯ ಆನೆಗೆ ಒಡ್ಡಿದನು. ಆನೆಗೆ ಆನೆ ಹೋಯಿತು. ಮೂಲೆಯಲ್ಲಿ ನಿಂತಿದ್ದ ಅವನ ಒಂಟೆಗೆ ತಪ್ಪಿಸಿಕೊಳ್ಳುವ ದಾರಿಯಿಲ್ಲದೆ ಒಂಟೆಗೆ ಒಂಟೆಯೂ ಹೋಗಬೇಕಾಯಿತು. ಉಳಿದವರು ರಾಜರಿಬ್ಬರೂ ಕಾಲಾಳುಗಳೂ. ಅಷ್ಟಾದ ಮೇಲೆ ಒಂದು ಕಾಲಾಳು ಹೆಚ್ಚಾಗಿರುವವನು ಗೆಲ್ಲುವನೆಂಬುದನ್ನು ಎಳೆಯ ವಿದ್ಯಾರ್ಥಿಯೂ ಹೇಳಬಲ್ಲನು. ಐವತ್ತೆಂಟನೆಯ ನಡೆಗೆ ಡಿಂಗನು ಕೈಚಾಚಿ ಸೋಲನ್ನೊಪ್ಪಿದನು. ಗುಕೇಶನು ಅಳುತ್ತ ಕುಳಿತಿದ್ದು ಆಮೇಲೆ ಕಾಯಿಗಳನ್ನೆಲ್ಲ ಒಂದೊಂದಾಗಿ ಅವುಗಳ ಮನೆಗಳಲ್ಲಿ ಮತ್ತೆ ಜೋಡಿಸಿದನು.

ಆ ವಾರವೆಲ್ಲ ನಮ್ಮ ಬಸವನಗುಡಿಯಲ್ಲಿಯೂ ಮಲ್ಲೇಶ್ವರದಲ್ಲಿಯೂ, ಕ್ರಿಕೆಟ್ಟಿನ ಮಾತಲ್ಲದೆ ಬೇರೆ ಮಾತನ್ನರಿಯದ ಹೋಟಲಿನ ಮೇಜುಗಳ ಸುತ್ತ ಕೂಡ ಚದುರಂಗದ ಮಾತೇ ಆಯಿತು. ಸಂತೋಷವು ಎಲ್ಲರಿಗೂ ಆಗಿದ್ದಿತು. ಆದರೆ ಸಂತೋಷದ ನಡುವೆ ಒಂದು ಅಪಸ್ವರವೂ ಕೇಳಿಬಂದಿತು. ಚಾಮರಾಜಪೇಟೆಯ ನನ್ನ ಹಿರಿಯ ಮಿತ್ರರೊಬ್ಬರು, ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾದವರು, ಕಾಫಿಯ ಲೋಟವನ್ನು ಕೆಳಗಿಟ್ಟು ಹೀಗೆಂದರು: “ಅವನು ಕೊಟ್ಟ, ಇವನು ತೆಗೆದುಕೊಂಡ. ಇದರಲ್ಲಿ ಗೆದ್ದದ್ದೇನು ಸ್ವಾಮಿ?” ಹಿಂದೆ ಜಗಜ್ಜೇತನಾಗಿದ್ದ ರಷ್ಯದ ವ್ಲಾದಿಮಿರ್ ಕ್ರಾಮ್ನಿಕ್ ಇನ್ನೂ ಕಟುವಾಗಿ, ಇಂಥ ಎಳೆಹುಡುಗರ ತಪ್ಪಿನಿಂದ ಯಾವ ಪಟ್ಟವೂ ಇದುವರೆಗೆ ತೀರ್ಮಾನವಾಗಿಲ್ಲವೆಂದು ಮರುಗಿದನು.

ಕ್ರಾಮ್ನಿಕನ ಮಾತಿಗೆ ಚರಿತ್ರೆ ಒಪ್ಪುವುದಿಲ್ಲ. 1892ರಲ್ಲಿ ಕ್ಯೂಬಾ ದೇಶದ ಹವಾನ ನಗರದಲ್ಲಿ ಸ್ಟೈನಿಟ್ಸನಿಗೂ ರಷ್ಯದ ಚಿಗೋರಿನನಿಗೂ ಪಟ್ಟದ ಪಂದ್ಯ ನಡೆಯಿತು. ಹತ್ತು ಗೆಲುವುಗಳನ್ನು ಮೊದಲು ಪಡೆದವನಿಗೆ ಪಂದ್ಯ. ಇಪ್ಪತ್ತುಮೂರನೆಯ ಆಟಕ್ಕೆ ಕುಳಿತಾಗ ಸ್ಟೈನಿಟ್ಸನಿಗೆ ಒಂಬತ್ತು, ಚಿಗೋರಿನನಿಗೆ ಎಂಟು. ಆ ಆಟದಲ್ಲಿ ಚಿಗೋರಿನನ ಕೈ ಮೇಲಾಗಿದ್ದಿತು. ಒಂದು ಕಾಯಿ ಅವನಿಗೆ ಹೆಚ್ಚಾಗಿಯೇ ಇದ್ದಿತು. ಗೆದ್ದಿದ್ದರೆ ಒಂಬತ್ತಕ್ಕೆ ಒಂಬತ್ತಾಗುತ್ತಿದ್ದಿತು. ಮೂವತ್ತೆರಡನೆಯ ನಡೆಯಲ್ಲಿ, ತನ್ನ ರಾಜನ ಬಾಗಿಲನ್ನು ಕಾಯುತ್ತಿದ್ದ ಒಂಟೆಯನ್ನು ಅವನು ಅಲ್ಲಿಂದ ಎತ್ತಿ ಬೇರೆ ಕಡೆಗೆ ಕಳುಹಿಸಿದನು. ಸ್ಟೈನಿಟ್ಸನ ಆನೆ ತೆರೆದ ಬಾಗಿಲಿನಿಂದ ಒಳನುಗ್ಗಿತು; ಎರಡು ನಡೆಗಳಲ್ಲಿ ರಾಜನು ಸೆರೆಯಾಗುವಂತಾಯಿತು. ಆಟವೂ ಹೋಯಿತು, ಪಂದ್ಯವೂ ಹೋಯಿತು. ಇನ್ನು ಸ್ವತಃ ಕ್ರಾಮ್ನಿಕನೇ, ಜಗಜ್ಜೇತನಾಗಿದ್ದಾಗ, 2006ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ‘ಡೀಪ್ ಫ್ರಿಟ್ಸ್’ ಎಂಬ ಗಣಕಯಂತ್ರದ ಎದುರಿಗೆ ಆಡುತ್ತ, ಒಂದೇ ನಡೆಯಲ್ಲಿ ತನ್ನ ರಾಜನು ಸೆರೆಯಾಗುವುದನ್ನು ಕಾಣದೆ ಹೋದನು. ಇದನ್ನು ಅವನ ಹೀಯಾಳಿಕೆಗಾಗಿ ಹೇಳುತ್ತಿಲ್ಲ. ಇಂಥ ಮರೆವು ಅತಿರಥರಿಗೂ ತಪ್ಪಿದ್ದಲ್ಲವೆಂಬುದಕ್ಕೆ ಅವನಿಗಿಂತ ಬಲವಾದ ಸಾಕ್ಷಿ ಯಾರು?

ಆದರೆ ಪೂರ್ವಪಕ್ಷಕ್ಕೆ ಇಷ್ಟರಿಂದಲೇ ಸಮಾಧಾನವಾಗುವುದಿಲ್ಲ. ಹಿಂದೆಯೂ ಹಾಗೆ ನಡೆದಿದ್ದಿತೆಂದರೆ, ಹಿಂದಿನದೂ ಗೆಲುವಲ್ಲವೆಂದು ನನ್ನ ಮಿತ್ರರು ಹೇಳಬಹುದು. ಪ್ರಶ್ನೆಯ ಬೇರನ್ನೇ ನೋಡಬೇಕು.

ಎರಡು ಕಡೆಯವರೂ ಎಲ್ಲಿಯೂ ತಪ್ಪದೆ ಆಡಿದರೆ ಆಟವು ಸಮವಾಗಿಯೇ ಮುಗಿಯುವುದೆಂಬುದು ಚದುರಂಗವನ್ನು ಆಳವಾಗಿ ಬಲ್ಲವರೆಲ್ಲರ ಅಭಿಪ್ರಾಯ. ಇದನ್ನು ಗಣಿತದಿಂದ ಇನ್ನೂ ಯಾರೂ ಸಾಧಿಸಿಲ್ಲ; ಆದರೆ ಇದಕ್ಕೆ ವಿರುದ್ಧವಾಗಿ ನಂಬುವವರೂ ಇಲ್ಲವೆನ್ನಬಹುದು. ಹಾಗಿದ್ದ ಮೇಲೆ ಫಲಿತವೇನು? ಎಲ್ಲಿ ಗೆಲುವುಂಟೋ ಅಲ್ಲಿ ಸೋತವನ ತಪ್ಪೊಂದು ಉಂಟೇ ಉಂಟು. ತಪ್ಪು ಚಿಕ್ಕದಾಗಿದ್ದು ಹತ್ತಾರು ನಡೆಗಳ ಆಚೆಗೆ ಫಲ ಕೊಟ್ಟರೆ ಗೆದ್ದವನ ಪ್ರತಿಭೆಯನ್ನು ಕೊಂಡಾಡುತ್ತೇವೆ. ದೊಡ್ಡದಾಗಿದ್ದು ಕೂಡಲೇ ಫಲ ಕೊಟ್ಟರೆ ಅದೃಷ್ಟವೆನ್ನುತ್ತೇವೆ. ಎರಡರಲ್ಲಿಯೂ ನಡೆದದ್ದು ಒಂದೇ. ವ್ಯತ್ಯಾಸವಿರುವುದು ನೋಡುವವರಾದ ನಮ್ಮ ಕಣ್ಣಿನಲ್ಲಿ: ಸಣ್ಣ ತಪ್ಪು ನಮಗೆ ಕಾಣುವುದಿಲ್ಲ, ದೊಡ್ಡದು ಕಾಣುತ್ತದೆ.

ಅಂದಮೇಲೆ ‘ಎದುರಾಳಿಯ ತಪ್ಪಿನಿಂದ ಬಂದ ಗೆಲುವು ಗೆಲುವೇ?’ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಬೇರೆ ಬಗೆಯ ಗೆಲುವು ಇಲ್ಲವೇ ಇಲ್ಲ. ಕೇಳತಕ್ಕ ಪ್ರಶ್ನೆ ಇದು: ಎಂಥ ತಪ್ಪಿನಿಂದ ಬಂದ ಗೆಲುವು ನಮ್ಮದು, ಎಂಥದರಿಂದ ಬಂದದ್ದು ನಮ್ಮದಲ್ಲ?

ಕನ್ನಡಿಗರಿಗೆ ಇಲ್ಲಿ ಕರ್ಣನ ನೆನಪಾಗದೆ ಇರಲಾರದು. ರಥದ ಗಾಲಿ ನೆಲದಲ್ಲಿ ಹೂತಿತು, ಕರ್ಣನು ಕೆಳಗಿಳಿದನು, ಅರ್ಜುನನು ಬಾಣವನ್ನು ಬಿಟ್ಟನು. ಗಮಕಿಗಳು ಈ ಸಂದರ್ಭವನ್ನು ವಾಚಿಸುವಾಗ ಸಭೆಯಲ್ಲಿ ನೆಲೆಸುವ ಮೌನವನ್ನು ವಾಚಕರು ಬಲ್ಲರು. ಅರ್ಜುನನ ಪಕ್ಷವಾಗಿ ಎಷ್ಟು ಯುಕ್ತಿಗಳನ್ನು ಹೇಳಿದರೂ ನಮ್ಮ ಮನಸ್ಸು ಒಂದು ಮೂಲೆಯಲ್ಲಿ ಒಪ್ಪದೆ ಉಳಿಯುತ್ತದೆ. ಏಕೆ? ಗಾಲಿ ಹೂತದ್ದು ಕರ್ಣನ ಬಿಲ್ವಿದ್ಯೆಯ ತಪ್ಪಲ್ಲ. ಅವನು ಗುರಿಯಿಟ್ಟ ಬಾಣ ಗುರಿ ತಪ್ಪಿದ್ದರೆ ನಾವು ಯಾರೂ ಮರುಗುತ್ತಿರಲಿಲ್ಲ. ಯಾವ ವಿದ್ಯೆಯ ಪರೀಕ್ಷೆ ನಡೆಯುತ್ತಿದ್ದಿತೋ ಆ ವಿದ್ಯೆಗೆ ಹೊರಗಿನದಾದ ಒಂದು ಶಾಪದಿಂದ, ಒಂದು ನೆಲದಿಂದ, ಅವನು ಸೋತನು. ಡಿಂಗನ ಆನೆಗೆ ಯಾವ ಶಾಪವೂ ಇರಲಿಲ್ಲ. ಅದನ್ನು ಎತ್ತಿದವನು ಅವನು, ಇಟ್ಟವನು ಅವನು. ಬೇರೆ ನಡೆಗಳಿದ್ದುವು, ಯೋಚಿಸುವುದಕ್ಕೆ ಕಾಲವಿದ್ದಿತು. ಅಲ್ಲದೆ ಆ ತಪ್ಪು ಆಕಾಶದಿಂದ ಬಿದ್ದದ್ದಲ್ಲ. ಸಮವೆಂದು ಎಲ್ಲರೂ ಹೇಳುತ್ತಿದ್ದ ಆಟವನ್ನು ಗುಕೇಶನು ಸಮವೆಂದು ಬಿಡದೆ, ನಡೆಯ ಮೇಲೆ ನಡೆಯಿಟ್ಟು, ಪ್ರತಿಯೊಂದಕ್ಕೂ ಉತ್ತರ ಹೇಳು, ಹೇಳು ಎಂದು ಎದುರಾಳಿಯನ್ನು ಕೇಳುತ್ತಲೇ ಇದ್ದನು. ಐವತ್ನಾಲ್ಕು ಬಾರಿ ಉತ್ತರ ಹೇಳಿದವನು ಐವತ್ತೈದನೆಯ ಸಾರಿ ತಪ್ಪಿದನು. ಅದೇ ದಣಿವು ಗುಕೇಶನಿಗೂ ಇದ್ದಿತು: ಆ ತಪ್ಪು ಮೊದಲು ತನಗೂ ಕಾಣಲಿಲ್ಲವೆಂದೂ, ಬೇರೊಂದು ನಡೆಯನ್ನು ಇಡುವುದರಲ್ಲಿದ್ದೆನೆಂದೂ ಆಮೇಲೆ ಅವನೇ ಹೇಳಿದನು. ಈ ಸತ್ಯವಾಕ್ಯವು ಅವನ ಗೆಲುವನ್ನು ಕಿರಿದು ಮಾಡಿತೆಂದು ನನಗೆ ತೋರುವುದಿಲ್ಲ. ಅದೇ ಗಳಿಗೆಯಲ್ಲಿ ಡಿಂಗನನ್ನು ನಿಜವಾದ ಜಗಜ್ಜೇತನೆಂದು ಅವನು ಕೊಂಡಾಡಿದನು. ಪಟ್ಟ ಬಂದ ಮೇಲೆ ಡಿಂಗನು ಮನಸ್ಸಿನ ಅಸ್ವಾಸ್ಥ್ಯದಿಂದ ಬಹುಕಾಲ ನರಳಿ ಆ ಪಂದ್ಯಕ್ಕೆ ಬಂದಿದ್ದವನೆಂಬುದು ಲೋಕಕ್ಕೆ ತಿಳಿದಿದ್ದಿತು.

ಆ ತಪ್ಪನ್ನು ಕಂಡೂ ಗುಕೇಶನು ಕಾಣದವನಂತೆ ಬಿಟ್ಟುಬಿಟ್ಟಿದ್ದರೆ ಹೆಚ್ಚಿನ ಧರ್ಮವಾಗುತ್ತಿದ್ದಿತೇ? ಇಲ್ಲವೆಂದೇ ನನ್ನ ಅಭಿಪ್ರಾಯ. ಅದು ಸಮಾನನಿಗೆ ಹಾಕುವ ಭಿಕ್ಷೆ. ಸೋಲಿಗಿಂತ ಅದು ನೋಯಿಸುತ್ತದೆ.

ಇದನ್ನು ಸಿಂಗಪುರದವರೆಗೆ ಹೋಗಿ ಕಲಿಯಬೇಕಾಗಿಲ್ಲ; ಮನೆಯ ನಡುಮನೆಯಲ್ಲಿಯೇ ನೋಡಬಹುದು. ಮೊಮ್ಮಗನೊಡನೆ ಆಡಲು ಕುಳಿತ ತಾತನು ಹುಡುಗನ ಮುಖ ಬಾಡುವುದನ್ನು ನೋಡಲಾರದೆ ಮಂತ್ರಿಯನ್ನು ಬೇಕೆಂದೇ ಕುದುರೆಯ ಬಾಯಿಗೆ ಇಡುತ್ತಾನೆ. ಆರು ವರ್ಷದ ತನಕ ಮಗುವು ಕುಣಿದಾಡುತ್ತದೆ. ಏಳನೆಯ ವರ್ಷದಲ್ಲಿ ಒಂದು ದಿನ ಹಾಸಿನಿಂದ ತಲೆಯೆತ್ತಿ, “ತಾತ, ನೀನು ಬೇಕೂಂತಲೇ ಬಿಟ್ಟೆ!” ಎಂದು ಕಣ್ಣಿನಲ್ಲಿ ನೀರು ತಂದುಕೊಳ್ಳುತ್ತದೆ. ಇಂಥ ಮನೆಯೊಂದರಲ್ಲಿ ನಾನು ಕಂಡ ಉಪಾಯವೇ ಮೇಲು: ಅಲ್ಲಿ ಅಜ್ಜನು ಆಟಕ್ಕೆ ಮೊದಲೇ ತನ್ನ ಎರಡು ಆನೆಗಳನ್ನೂ ತೆಗೆದು ಪಕ್ಕಕ್ಕಿಡುವನು, ಆಮೇಲೆ ದಯೆದಾಕ್ಷಿಣ್ಯಗಳಿಲ್ಲದೆ ಆಡುವನು. ರಿಯಾಯಿತಿ ಎಲ್ಲರ ಕಣ್ಣೆದುರಿಗಿದೆ, ಅದರಲ್ಲಿ ಸುಳ್ಳಿಲ್ಲ. ಹುಡುಗ ಗೆದ್ದ ದಿನ ಆ ಗೆಲುವು ಪೂರಾ ಅವನದೇ.

ಈಗ ನಮ್ಮ ಊರಿನ ಮಕ್ಕಳು ಜಗಲಿಯ ಆಟಕ್ಕೆ ನಿಲ್ಲುವವರಲ್ಲ. 1988ರಲ್ಲಿ ವಿಶ್ವನಾಥನ್ ಆನಂದರು ಭಾರತದ ಮೊದಲನೆಯ ಗ್ರ್ಯಾಂಡ್‌ಮಾಸ್ಟರರಾದರು. ಕರ್ನಾಟಕಕ್ಕೆ ಆ ಬಿರುದು ಬರಲು 2017ರ ತನಕ ಕಾಯಬೇಕಾಯಿತು; ಆ ವರ್ಷ ಮೈಸೂರಿನ ತೇಜ್‌ಕುಮಾರರು ದೇಶದ ಐವತ್ತನೆಯ ಗ್ರ್ಯಾಂಡ್‌ಮಾಸ್ಟರರೆನಿಸಿದರು. 2022ರಲ್ಲಿ ಬೆಂಗಳೂರಿನ ಪ್ರಣವ್ ಆನಂದ್ ರುಮೇನಿಯ ದೇಶದಲ್ಲಿ ಆಡುತ್ತಿದ್ದಾಗಲೇ ದೇಶದ ಎಪ್ಪತ್ತಾರನೆಯವನಾಗಿ ಆ ಬಿರುದನ್ನು ಪಡೆದು, ಹದಿನಾರು ವರ್ಷದೊಳಗಿನವರ ವಿಶ್ವಪಟ್ಟವನ್ನೂ ಅದೇ ಪಂದ್ಯಾವಳಿಯಲ್ಲಿ ಗೆದ್ದನು. ಇವರ ಹಿಂದೆ ಸಾವಿರಾರು ಮಕ್ಕಳು ಹೊರಟಿದ್ದಾರೆ. ಭಾನುವಾರದ ಪಂದ್ಯಗಳಲ್ಲಿ ಸಭಾಂಗಣದ ಬಾಗಿಲನ್ನು ಮುಚ್ಚಿ ತಂದೆತಾಯಿಗಳನ್ನು ಹೊರಗೆ ನಿಲ್ಲಿಸುತ್ತಾರೆ. ಹೊರಬಂದ ಮಗುವಿಗೆ ಅಲ್ಲಿ ಬೀಳುವ ಮೊದಲನೆಯ ಪ್ರಶ್ನೆ “ಗೆದ್ದೆಯಾ?” ಎಂಬುದೇ. ಹೇಗೆ ಗೆದ್ದೆ ಎಂಬ ಪ್ರಶ್ನೆ ಆಮೇಲೆ ಬಂದರೂ ಬರಬಹುದು. ಆದಕಾರಣ ನಾವು ಎತ್ತಿಕೊಂಡಿರುವ ಪ್ರಶ್ನೆ ಪಂಡಿತರ ವಿನೋದಕ್ಕಾಗಿ ಮಾತ್ರವಲ್ಲ.

ಆಟದ ಒಳಗಿನ ತಪ್ಪು ಎಲ್ಲಿಯವರೆಗೆ, ಹೊರಗಿನದು ಎಲ್ಲಿಂದ ಎಂಬುದನ್ನು ಕಠಿಣವಾಗಿ ಪರೀಕ್ಷಿಸಿದ ಸಂದರ್ಭವೊಂದು 1972ರಲ್ಲಿ ಐಸ್‌ಲೆಂಡಿನ ರೇಕ್ಯವಿಕ್ ನಗರದಲ್ಲಿ ನಡೆಯಿತು. ಪಟ್ಟದಲ್ಲಿದ್ದವನು ರಷ್ಯದ ಬೋರಿಸ್ ಸ್ಪಾಸ್ಕಿ. ಎದುರು ನಿಂತವನು ಅಮೆರಿಕದ ಬಾಬ್ಬಿ ಫಿಷರ್. ಇಪ್ಪತ್ತನಾಲ್ಕು ಆಟಗಳ ಪಂದ್ಯ. ಪಟ್ಟವನ್ನು ಉಳಿಸಿಕೊಳ್ಳಲು ಸ್ಪಾಸ್ಕಿಗೆ ಹನ್ನೆರಡು ಅಂಕಗಳು ಸಾಕು. ಮೊದಲನೆಯ ಆಟದಲ್ಲಿ ಫಿಷರನು ಮೂಲೆಯ ಕಾಲಾಳೊಂದರ ಆಸೆಗೆ ತನ್ನ ಒಂಟೆಯನ್ನು ಬಲೆಗೆ ಸಿಕ್ಕಿಸಿ ಸೋತನು. (ಒಂಟೆಗೂ ಮೂಲೆಗೂ ಏನೋ ಹಗೆತನವಿರುವಂತೆ ಕಾಣುತ್ತದೆ.) ಈ ಗೆಲುವನ್ನು ಸ್ಪಾಸ್ಕಿ ತೆಗೆದುಕೊಂಡನು, ಯಾರೂ ತಪ್ಪೆನ್ನಲಿಲ್ಲ. ಎರಡನೆಯ ಆಟಕ್ಕೆ ಫಿಷರನು ಬರಲೇ ಇಲ್ಲ. ಸಭೆಯಲ್ಲಿದ್ದ ಛಾಯಾಗ್ರಹಣ ಯಂತ್ರಗಳು ತನ್ನ ಏಕಾಗ್ರತೆಯನ್ನು ಕೆಡಿಸುವುವೆಂದು ಹಟ ಹಿಡಿದನು. ನಿಯಮದಂತೆ ಆಟವು ಸ್ಪಾಸ್ಕಿಗೆ ಸಂದಿತು. ಅಂಕ ಎರಡಕ್ಕೆ ಸೊನ್ನೆ. ಪ್ರೇಕ್ಷಕರಿಂದ ದೂರವಾದ ಒಂದು ಹಿಂಬದಿಯ ಕೋಣೆಯಲ್ಲಿ ಆಡುವುದಾದರೆ ಮಾತ್ರ ಮುಂದಿನ ಆಟಕ್ಕೆ ಬರುವೆನೆಂದು ಫಿಷರನು ತಿಳಿಸಿದನು.

ಸ್ಪಾಸ್ಕಿ ಒಪ್ಪಬೇಕಾದ ಕಾರಣ ಯಾವುದೂ ಇರಲಿಲ್ಲ. ‘ಒಪ್ಪಿದ ಸ್ಥಳದಲ್ಲಿ ಆಡು, ಇಲ್ಲವೇ ಊರಿಗೆ ಹೋಗು’ ಎಂದಿದ್ದರೆ ನಿಯಮವೆಲ್ಲ ಅವನ ಕಡೆಗಿದ್ದಿತು. ಪಟ್ಟದೊಡನೆ ಮರಳಿ ಬರುವಂತೆ ಸ್ವದೇಶದ ಅಧಿಕಾರಿಗಳು ಒತ್ತಾಯಿಸಿದರೆಂದು ಮುಂದೆ ಅವನೇ ಹೇಳಿದನು. ಅವನು ಒಪ್ಪಿಕೊಂಡು ಹಿಂಬದಿಯ ಕೋಣೆಗೆ ಹೋಗಿ ಕುಳಿತನು. ಅದುವರೆಗೆ ಒಮ್ಮೆಯೂ ಸ್ಪಾಸ್ಕಿಯನ್ನು ಗೆಲ್ಲದಿದ್ದ ಫಿಷರನು ಆ ಮೂರನೆಯ ಆಟವನ್ನು ಗೆದ್ದನು. ಜುಲೈ 23ರ ಆರನೆಯ ಆಟವನ್ನಂತೂ ಎಷ್ಟು ನಿರ್ಮಲವಾಗಿ ಗೆದ್ದನೆಂದರೆ, ಸಭಿಕರು ಕೈತಟ್ಟಲು, ವೇದಿಕೆಯ ಮೇಲಿದ್ದ ಸ್ಪಾಸ್ಕಿ ತಾನೂ ಅವರೊಡನೆ ಕೈತಟ್ಟಿದನು. ಸೆಪ್ಟೆಂಬರ್ 1ರಂದು ಪಂದ್ಯ ಮುಗಿದಾಗ ಫಿಷರನಿಗೆ ಹನ್ನೆರಡೂವರೆ, ಸ್ಪಾಸ್ಕಿಗೆ ಎಂಟೂವರೆ. ಪಟ್ಟ ಹೋಯಿತು.

ಸ್ಪಾಸ್ಕಿ ಮಾಡಿದ್ದು ಸರಿಯೇ? ಅವನು ತನ್ನೊಬ್ಬನ ಪರವಾಗಿ ಆಡುತ್ತಿರಲಿಲ್ಲ, ಒಂದು ದೇಶದ ಪರವಾಗಿ ಆಡುತ್ತಿದ್ದನು. ದೇಶದ ಸ್ವತ್ತನ್ನು ದಾನಮಾಡುವ ಅಧಿಕಾರ ಅವನಿಗೆಲ್ಲಿಯದು? ಈ ಆಕ್ಷೇಪಣೆ ಹಗುರವಾದುದಲ್ಲ. ಪರರ ನಿಕ್ಷೇಪವನ್ನು ಕೈಯಲ್ಲಿಟ್ಟುಕೊಂಡವನು ಉದಾರಿಯಾಗುವುದು ಸುಲಭವೂ ಹೌದು, ಅನುಚಿತವೂ ಹೌದು. ಆದರೆ ಇಲ್ಲಿ ನಿಕ್ಷೇಪ ಯಾವುದೆಂದು ವಿಚಾರಿಸಬೇಕು. ಅವನ ದೇಶವು ಅವನನ್ನು ಕಳುಹಿಸಿದ್ದು ಫಿಷರನಿಗಿಂತ ಮೇಲೆಂದು ತೋರಿಸಿ ಬರುವುದಕ್ಕೆ. ಬಾರದ ಫಿಷರನಿಗಿಂತ ಮೇಲೆಂದು ತೋರಿಸುವುದು ಹೇಗೆ? ಖಾಲಿ ಕುರ್ಚಿಯನ್ನು ಸೋಲಿಸಿ ತಂದ ಪಟ್ಟವು ಹೆಸರಿಗೆ ಪಟ್ಟ. ಸ್ಪಾಸ್ಕಿಗೆ ಬೇಕಾಗಿದ್ದ ಗೆಲುವು ಎದುರಾಳಿಯಿಲ್ಲದೆ ಹುಟ್ಟತಕ್ಕದ್ದೇ ಅಲ್ಲ. ಆದುದರಿಂದ ಅವನದು ತ್ಯಾಗವೆನ್ನುವುದಕ್ಕಿಂತ, ತನಗೆ ಬೇಕಾದುದು ಏನೆಂಬುದನ್ನು ತಿಳಿದಿದ್ದ ಸ್ಪಷ್ಟಬುದ್ಧಿಯೆನ್ನುವುದು ನ್ಯಾಯ. ಹಾಗೆಂದು ಇದನ್ನು ಎಲ್ಲರ ಮೇಲೂ ಒಂದು ವಿಧಿಯಾಗಿ ಹೇರಲಾಗದು. ಎದುರಾಳಿಯು ಬಾರದಿದ್ದರೆ ಅಂಕವನ್ನು ಪಡೆದು ಮನೆಗೆ ಹೋದ ಆಟಗಾರನು ಅಧರ್ಮಿಯಲ್ಲ, ನಿಯಮವಿರುವುದು ಅವನಿಗಾಗಿಯೇ.

ಔದಾರ್ಯದ ಮಾತು ಬಂದಾಗ ಅದರಂತೆಯೇ ತೋರುವ ಬೇರೊಂದು ವಸ್ತುವನ್ನು ಬೇರ್ಪಡಿಸಿ ನೋಡುವುದು ಅವಶ್ಯ. 1994ರಲ್ಲಿ ಸ್ಪೇನ್ ದೇಶದ ಲಿನಾರೆಸ್ ಎಂಬ ಊರಿನ ಪಂದ್ಯಾವಳಿಯಲ್ಲಿ, ಆಗಿನ ಅದ್ವಿತೀಯ ಆಟಗಾರನಾದ ಗ್ಯಾರಿ ಕಾಸ್ಪರೋವನ ಎದುರಿಗೆ ಹಂಗೆರಿಯ ಹದಿನೇಳು ವರ್ಷದ ಜೂಡಿತ್ ಪೋಲ್ಗಾರ್ ಕುಳಿತಿದ್ದಳು. ಕಾಸ್ಪರೋವನು ಕುದುರೆಯನ್ನು ಒಂದು ಮನೆಯಲ್ಲಿಟ್ಟು ಕೈಬಿಟ್ಟನು; ಕೂಡಲೇ ತಪ್ಪು ಹೊಳೆಯಿತು; ಮತ್ತೆ ಎತ್ತಿ ಬೇರೆ ಮನೆಯಲ್ಲಿಟ್ಟನು. ಬಿಟ್ಟ ಕಾಯಿಯನ್ನು ಮತ್ತೆ ನಡೆಸಬಾರದೆಂಬುದು ಚದುರಂಗದ ಅಕ್ಷರಾಭ್ಯಾಸದಲ್ಲಿಯೇ ಕಲಿಸುವ ನಿಯಮ. ಬೆರಳು ಕಾಯಿಯನ್ನು ಬಿಟ್ಟಿದ್ದುದು ಒಂದು ಕ್ಷಣದ ಸಣ್ಣ ಭಾಗ ಮಾತ್ರ. ಆದರೆ ಬಿಟ್ಟದ್ದು ನಿಜವೆಂಬುದನ್ನು ಅಲ್ಲಿ ತೆಗೆದಿದ್ದ ಚಲಚ್ಚಿತ್ರ ಆಮೇಲೆ ತೋರಿಸಿತು. ಪೋಲ್ಗಾರಳು ಕಂಡಳು, ಸುಮ್ಮನಿದ್ದಳು. ಆಟವನ್ನು ಕಾಸ್ಪರೋವನು ಗೆದ್ದನು.

ಆಕೆಯ ಮೌನವನ್ನು ಔದಾರ್ಯವೆಂದು ಹೊಗಳಿದವರುಂಟು. ನಾನು ಒಪ್ಪಲಾರೆ. ಅಂಥ ದೊಡ್ಡವರ ಪಂದ್ಯಕ್ಕೆ ಮೊದಲ ಬಾರಿಗೆ ಕರೆಸಿಕೊಂಡು ಬಂದಿದ್ದ ತಾನು ಗಲಭೆಯನ್ನೆಬ್ಬಿಸಲು ಹಿಂಜರಿದೆನೆಂಬ ಅರ್ಥದಲ್ಲಿ ಆಕೆಯೇ ಮುಂದೆ ಹೇಳಿರುವಳು. ಕೇಳುವ ಬಲವೂ ಹಕ್ಕೂ ಎರಡೂ ಇದ್ದು ಬಿಟ್ಟುಕೊಡುವುದು ಔದಾರ್ಯ, ಸ್ಪಾಸ್ಕಿಯದು ಅದು. ಹಕ್ಕಿದ್ದು ಕೇಳುವ ಧೈರ್ಯವನ್ನು ಲೋಕವು ಕೊಡದೆ ಇದ್ದುದರಿಂದ ಸುಮ್ಮನಾಗುವುದು ಬೇರೆ. ನಮ್ಮ ಮನೆಗಳಲ್ಲಿ, ವಿಶೇಷವಾಗಿ ಹೆಣ್ಣುಮಕ್ಕಳ ವಿಷಯದಲ್ಲಿ, ಈ ಎರಡನೆಯದಕ್ಕೆ ‘ಒಳ್ಳೆಯ ಸ್ವಭಾವ’ವೆಂಬ ಹೆಸರಿಟ್ಟು ಮುದ್ದಾಡುವ ಪದ್ಧತಿ ಬಹುಕಾಲದಿಂದ ಇದೆ. ಅಲ್ಲಿ ಮಾತನಾಡಬೇಕಾಗಿದ್ದವನು ಕಾಸ್ಪರೋವನು. ಅವನ ಬೆರಳಿಗೆ ತಿಳಿದಿದ್ದುದನ್ನು ಅವನ ಬಾಯಿ ಹೇಳಬೇಕಾಗಿದ್ದಿತು. ಕೈಬಿಟ್ಟೆನೆಂದು ತನಗೆ ಅನ್ನಿಸಲಿಲ್ಲವೆಂದು ಅವನು ಹೇಳಿಕೊಂಡನು, ಇರಬಹುದು. 2002ರಲ್ಲಿ ಮಾಸ್ಕೋವಿನಲ್ಲಿ ವೇಗದ ಆಟವೊಂದರಲ್ಲಿ ಪೋಲ್ಗಾರಳು ಅವನನ್ನು ಸೋಲಿಸಿದಳು. ಆ ಗೆಲುವಿನಲ್ಲಿ ಯಾರಿಗೂ ಸಂದೇಹ ಬರಲಿಲ್ಲ.

ದೂರದ ಊರುಗಳ ಮಾತಾಯಿತು; ನಮ್ಮ ಊರಿನದೂ ಒಂದುಂಟು. 2021ರ ಜೂನ್ ತಿಂಗಳಲ್ಲಿ, ಕೋವಿಡ್ ಪಿಡುಗಿನ ನಡುವೆ, ಬೆಂಗಳೂರಿನ ಅಕ್ಷಯಪಾತ್ರ ಸಂಸ್ಥೆಯ ಅನ್ನದಾನಕ್ಕಾಗಿ ಹಣವನ್ನು ಕೂಡಿಸಲು, ಐದು ಬಾರಿ ಜಗಜ್ಜೇತರಾದ ವಿಶ್ವನಾಥನ್ ಆನಂದರು ಹಲವು ಗಣ್ಯರೊಡನೆ ಏಕಕಾಲದಲ್ಲಿ ಅಂತರಜಾಲದ ಮೂಲಕ ಆಡಿದರು. ಅವರಲ್ಲಿ ಬೆಂಗಳೂರಿನ ಒಬ್ಬ ತರುಣ ಉದ್ಯಮಿಯು ಆನಂದರನ್ನು ಸೋಲಿಸಿದನು. ನಡೆಗಳನ್ನು ನೋಡಿದವರಿಗೆ ಒಡನೆಯೇ ಸಂದೇಹ ಬಂದಿತು. ಮರುದಿನ ಆತನೇ, ಆಟವನ್ನು ಬಲ್ಲವರ ಮತ್ತು ಗಣಕಯಂತ್ರದ ಸಹಾಯವನ್ನು ತಾನು ಪಡೆದೆನೆಂದು ಬಹಿರಂಗವಾಗಿ ಒಪ್ಪಿಕೊಂಡು ಕ್ಷಮೆ ಕೇಳಿದನು. ಒಪ್ಪಿಕೊಂಡ ಮೇಲೆ ಹೆಸರನ್ನು ಎಳೆದು ತರುವುದು ನನಗೆ ಸೇರದು. ಆನಂದರು ಹೇಳಿದ್ದು ಬಹಳ ಸ್ವಲ್ಪ: ಹಲಗೆಯ ಮೇಲಿದ್ದ ಸ್ಥಿತಿಯನ್ನು ನೋಡಿ ತಾವು ಆಡಿದುದಾಗಿಯೂ, ಎಲ್ಲರಿಂದಲೂ ಅದನ್ನೇ ನಿರೀಕ್ಷಿಸಿದುದಾಗಿಯೂ ಮಾತ್ರ ತಿಳಿಸಿದರು.

ಇದು ಧರ್ಮಕಾರ್ಯಕ್ಕಾಗಿ ನಡೆದ ವಿನೋದ, ಹಸಿದವರಿಗೆ ಅನ್ನ ಸಿಕ್ಕಿತಷ್ಟೆ, ಇದರಲ್ಲಿ ಕೆಟ್ಟದ್ದೇನು ಎಂದು ಆಗ ಅನೇಕರು ಕೇಳಿದರು. ನನ್ನ ಮಿತ್ರರೂ ಕೇಳಿದರು. ಹಣವೇನೋ ಕೂಡಿತು, ಅನ್ನವೂ ಸಂದಿತು. ಕೆಟ್ಟದ್ದು ಬೇರೆ ಕಡೆಯಿದೆ. ಆ ಹೊತ್ತಿನಲ್ಲಿ ಆನಂದರ ಎದುರಿಗೆ ಒಬ್ಬ ಮನುಷ್ಯನಿದ್ದನೆಂದು ಅವರು ನಂಬಿದ್ದರು. ನಿಜವಾಗಿ ಆ ಕುರ್ಚಿ ಖಾಲಿಯಾಗಿದ್ದಿತು. ರೇಕ್ಯವಿಕ್ಕಿನಲ್ಲಿ ಫಿಷರನ ಕುರ್ಚಿ ಖಾಲಿಯಾಗಿದ್ದುದು ಎಲ್ಲರಿಗೂ ಕಾಣುತ್ತಿದ್ದಿತು, ಇಲ್ಲಿ ಕಾಣುತ್ತಿರಲಿಲ್ಲ. ಯಂತ್ರದ ಗೆಲುವು ಯಂತ್ರಕ್ಕೂ ಗೆಲುವಲ್ಲ. ಅದಕ್ಕೆ ದಣಿವಿಲ್ಲ, ಅಳುಕಿಲ್ಲ, ಐವತ್ತೈದನೆಯ ನಡೆಯೂ ಮೊದಲನೆಯ ನಡೆಯೂ ಒಂದೇ. ಯಂತ್ರವನ್ನು ಅಂಗಿಯೊಳಗೆ ಅಡಗಿಸಿಕೊಂಡವನು ಎದುರಾಳಿಯ ತಪ್ಪಿಗೆ ಕಾದು ಕುಳಿತಿರುತ್ತಾನೆ, ತಾನು ಮಾತ್ರ ತಪ್ಪಬಹುದಾದ ಸ್ಥಾನದಲ್ಲಿ ಕುಳಿತಿರುವುದಿಲ್ಲ. ಗುಕೇಶನ ಗೆಲುವು ಗೆಲುವಾದುದು ಯಾವ ಕಾರಣಕ್ಕೋ ಇದು ಗೆಲುವಾಗದಿರುವುದು ಅದೇ ಕಾರಣಕ್ಕೆ.

ಹಾಗಾದರೆ ಒಬ್ಬನೇ ಕುಳಿತು ಆಡುವ ಚದುರಂಗವೇ ಇಲ್ಲವೇ? ಉಂಟು. ಅದನ್ನು ನಮ್ಮ ನಾಡಿನವರೇ ಒಂದು ಕಲೆಯ ಮಟ್ಟಕ್ಕೆ ಏರಿಸ
ಿದರು. ಚದುರಂಗವು ಕನ್ನಡ ನಾಡಿನ ಅರಮನೆಗಳಿಗೆ ಹೊಸದಲ್ಲ. ಕಲ್ಯಾಣದ ಚಾಳುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿಯೇ ಅದರ ವಿವರಣೆಯಿದೆ. ಆದರೆ ನಾನು ಹೇಳುತ್ತಿರುವುದು ಮುಮ್ಮಡಿ ಕೃಷ್ಣರಾಜ ಒಡೆಯರ ವಿಷಯ. 1831ರಲ್ಲಿ ಆಂಗ್ಲರು ರಾಜ್ಯಭಾರವನ್ನು ಅವರ ಕೈಯಿಂದ ತೆಗೆದುಕೊಂಡರು. ಆಮೇಲೆ 1868ರಲ್ಲಿ ಕಾಲವಾಗುವ ತನಕ ಅವರು ಹೆಸರಿಗೆ ಮಹಾರಾಜರಾಗಿದ್ದು, ವಿದ್ವಾಂಸರ ಪೋಷಣೆಯಲ್ಲಿಯೂ ಗ್ರಂಥರಚನೆಯಲ್ಲಿಯೂ ಬಗೆಬಗೆಯ ಹಲಗೆಯಾಟಗಳ ಕಲ್ಪನೆಯಲ್ಲಿಯೂ ಕಾಲವನ್ನು ಕಳೆದರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿಯೆಂಬುದೊಂದು. ಕುದುರೆಯನ್ನು ಅದರ ನಡೆಯಿಂದಲೇ ನಡೆಸುತ್ತ, ಅರವತ್ತನಾಲ್ಕು ಮನೆಗಳನ್ನೂ ಪ್ರತಿಯೊಂದನ್ನು ಒಂದೇ ಬಾರಿ ಮುಟ್ಟಿಸಿ ಬರುವ ತುರಗಗತಿಯಲ್ಲಿ ಅವರು ಪಾರಂಗತರು.

ತುರಗಗತಿಯಲ್ಲಿ ಎದುರಾಳಿಯಿಲ್ಲ. ಸೇನೆಯಿಲ್ಲ, ರಾಜನೂ ಇಲ್ಲ. ಬರಿಯ ಹಲಗೆಯ ಮೇಲೆ ಒಂದು ಕುದುರೆ. ಯಾರೂ ಸೋಲುವುದಿಲ್ಲ, ಯಾರ ತಪ್ಪಿಗೂ ಯಾರೂ ಕಾಯುವುದಿಲ್ಲ. ರಾಜ್ಯವನ್ನು ಕಳೆದುಕೊಂಡ ಅರಸರು ಯಾರನ್ನೂ ಗೆಲ್ಲಬೇಕಾಗಿಲ್ಲದ ಈ ವಿದ್ಯೆಯನ್ನು ಇಷ್ಟು ಪ್ರೀತಿಯಿಂದ ಸಾಧಿಸಿದರೆಂಬುದು ನನ್ನ ಮನಸ್ಸನ್ನು ಎಷ್ಟೋ ಬಾರಿ ಹಿಡಿದು ನಿಲ್ಲಿಸಿದೆ. ಆದರೆ ಅದನ್ನು ಅವರು ಗೆಲುವೆಂದು ಕರೆಯಲಿಲ್ಲ, ಕೌತುಕವೆಂದರು. ಏಕಾಂತದ ವಿದ್ಯೆಗೆ ತಕ್ಕ ಹೆಸರು ಅದು. ಯಾರಿಗೆ ಎದುರಾಳಿ ಬೇಡವೋ ಅವರಿಗೆ ಈ ದಾರಿ ತೆರೆದಿದೆ. ಅಲ್ಲಿ ಯಂತ್ರದ ಸಹಾಯವನ್ನು ಪಡೆದರೂ ಯಾರಿಗೂ ನಷ್ಟವಿಲ್ಲ, ತನ್ನ ಸಂತೋಷವೊಂದು ಹೊರತು. ಗೆಲುವು ಬೇಕೆಂಬವರು ಎದುರಿಗೆ ಒಬ್ಬನನ್ನು ಕೂರಿಸಿಕೊಳ್ಳಲೇಬೇಕು. ಅವನು ತಪ್ಪಬಲ್ಲವನಾಗಿರಬೇಕು, ತಾನೂ ತಪ್ಪಬಲ್ಲವನಾಗಿರಬೇಕು.

ಇಷ್ಟನ್ನು ಓದಿ ಕೇಳಿಸಿದಾಗ ನನ್ನ ಚಾಮರಾಜಪೇಟೆಯ ಮಿತ್ರರು ಪೂರಾ ಒಪ್ಪಲಿಲ್ಲ. “ಹಾಗಾದರೆ ಸ್ಪಾಸ್ಕಿಗೆ ಸಿಕ್ಕಿದ್ದೇನು?” ಎಂದು ಕೇಳಿದರು. ಪಟ್ಟವಂತೂ ಅವನಿಗೆ ಮತ್ತೆ ಸಿಕ್ಕಲಿಲ್ಲ. ಇಪ್ಪತ್ತು ವರ್ಷಗಳ ಮೇಲೆ, 1992ರಲ್ಲಿ, ಯುಗೊಸ್ಲಾವಿಯದಲ್ಲಿ ಅವನೂ ಫಿಷರನೂ ಮತ್ತೊಮ್ಮೆ ಕುಳಿತು ಆಡಿದರು. ಆಗಲೂ ಫಿಷರನೇ ಗೆದ್ದನು. ಆ ದೇಶಕ್ಕೆ ಆಗ ಹಾಕಿದ್ದ ಬಹಿಷ್ಕಾರವನ್ನು ಮುರಿದನೆಂದು ಅಮೆರಿಕವು ಫಿಷರನ ಮೇಲೆ ಆಪಾದನೆ ಹೊರಿಸಿದ್ದಿತು. 2004ರಲ್ಲಿ ಜಪಾನಿನ ವಿಮಾನ ನಿಲ್ದಾಣದಲ್ಲಿ ಅವನನ್ನು ಹಿಡಿದು ಬಂಧನದಲ್ಲಿಟ್ಟರು. ಆಗ ಸ್ಪಾಸ್ಕಿ ಅಮೆರಿಕದ ಅಧ್ಯಕ್ಷನಿಗೆ ಒಂದು ಪತ್ರವನ್ನು ಬರೆದನು. ಫಿಷರನಿಗೆ ಕರುಣೆ ತೋರಬೇಕೆಂದು ಕೇಳಿಕೊಂಡನು. ಅದಾಗದಿದ್ದರೆ, ಅದೇ ಅಪರಾಧವನ್ನು ತಾನೂ ಮಾಡಿರುವುದರಿಂದ ತನ್ನನ್ನೂ ಬಂಧಿಸಿ ಅವನಿರುವ ಕೋಣೆಯಲ್ಲಿಯೇ ಇಡಬೇಕೆಂದೂ, ಇಬ್ಬರಿಗೂ ಒಂದು ಚದುರಂಗದ ಹಲಗೆಯನ್ನು ಕೊಡಿಸಬೇಕೆಂದೂ ಅದರಲ್ಲಿ ಬೇಡಿಕೊಂಡಿದ್ದನು.